ಲೇತ್ ಮಾಮ ಮತ್ತು ಹನ್ನೆರಡು ಪಿನ್

ಅವರ ಹುಬ್ಬಿನಲ್ಲಿ ಸದಾ ಅಲ್ಯೂಮಿನಿಯಂ ಹುಡಿ ಮಿನುಗುತ್ತಿತ್ತು. ಎಷ್ಟು ಮುಖ ತೊಳೆದರೂ ಹೋಗದು. ಬಸ್ಸು ಹತ್ತಿದರೆ ಮಕ್ಕಳು ಅವರನ್ನೇ ನೋಡುತ್ತಿದ್ದರಂತೆ, ಮುಖದ ಬಣ್ಣ ತೆಗೆಯಲು ಮರೆತ ಯಕ್ಷಗಾನದವರೋ ಎಂದು. ಅದನ್ನು ಹೇಳಿಕೊಂಡು ತಾವೇ ಹೊಟ್ಟೆ ಹಿಡಿದು ನಗುತ್ತಿದ್ದರು.

ಪಡುಬಿದ್ರಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ತಗಡಿನ ಮಾಡಿನ ಕೆಳಗೆ ಲೋಹ ಕಡೆಯುವ ಅವರ ಎರಡು ಲೇತುಗಳಿದ್ದವು. ಮೀನುಗಾರಿಕೆಯ ಬೋಟುಗಳ ಶಾಫ್ಟು, ಪಂಪಿನ ಭಾಗಗಳನ್ನು ಕಡೆದುಕೊಡುವುದು ಕಸುಬು. ನಾನು ಲೇತ್ ಮಾಮ ಎನ್ನುತ್ತಿದ್ದೆ. ನಾನು ಕಾರ್ಕಳದವಳು, ಅವರದ್ದೂ ನನ್ನದೂ ಮನೆಮಾತು ತುಳು. ಆದರೆ ಲೇತಿನ ಎದುರು ಅವರು ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ತುಳುವಿನಲ್ಲಿ ಮಾತಾಡಿದರೆ ಸಲಿಗೆ ಆಗ್ತದೆ. ಸಲಿಗೆ ಆದರೆ ಅಳತೆ ತಪ್ತದೆ” ಎನ್ನುತ್ತಿದ್ದರು.

ಮೊದಲು ಅಲ್ಲಿಗೆ ಹೋದಾಗ ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ನಾವು ಕೆಲವರು ಸ್ಪರ್ಧೆಯೊಂದಕ್ಕೆ ಆಳೆತ್ತರದ ರಾಕೆಟ್ ಮಾಡುತ್ತಿದ್ದೆವು. ಬೆಂಕಿ ಹೊರಗೆ ಬರುವ ಬಾಯಿ, ಅಂದರೆ ನಾಝಲ್, ಕಡೆದುಕೊಡಲು ಉಡುಪಿಯಲ್ಲಿ ಯಾರೂ ಒಪ್ಪಿರಲಿಲ್ಲ. ಮಾಮ ನನ್ನ ಡ್ರಾಯಿಂಗನ್ನು ಬೆಳಕಿಗೆ ಹಿಡಿದರು.

“ಇದು ಎಂತ? ಪಾಯಿಂಟ್ ಆದ ಮೇಲೆ ಮೂರು ಸೊನ್ನೆ! ಇದು ನಿಮಗೆ ಬೇಕಾ, ಕಂಪ್ಯೂಟರ್ ಹಾಕಿದ್ದಾ?”

“ಕಂಪ್ಯೂಟರ್ ಹಾಕಿದ್ದು.”

“ಹಾಗಾದರೆ ಕಂಪ್ಯೂಟರಿನ ಹತ್ತಿರವೇ ಮಾಡಿಸಿ ಮಾರಾಯ್ತಿ.”

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎದ್ದು ಹೊರಟೆ. ಅವರು ಸ್ಟೂಲು ಎಳೆದು, ಪೆನ್ಸಿಲ್ ಕೊಟ್ಟು ಕೂರಿಸಿದರು. ಎಲ್ಲಿ ತಪ್ಪಿದರೆ ಕೆಲಸ ಕೆಡುತ್ತದೋ ಅಲ್ಲಿ ಮಾತ್ರ ಸುತ್ತು ಹಾಕಿ ಅಂದರು. ನನ್ನ ಮೂವತ್ತು ಅಳತೆಗಳಲ್ಲಿ ಐದಕ್ಕೆ ಸುತ್ತು ಬಿತ್ತು. ಆ ಐದನ್ನು ಅವರು ಕೂದಲೆಳೆಯಷ್ಟೂ ತಪ್ಪದಂತೆ ಕಡೆದುಕೊಟ್ಟರು. ನಾಲ್ಕು ವರ್ಷದ ಕಾಲೇಜಿನಲ್ಲಿ ನಾನು ಕಲಿತ ಒಳ್ಳೆಯ ಪಾಠ ಅದೇ, ಅದಕ್ಕೆ ಯಾರೂ ಅಂಕ ಕೊಡಲಿಲ್ಲ.

ಈಗ ರಾಕೆಟ್ ಎಂದರೆ ಸರಕಾರದ್ದೇ ಎಂದಿಲ್ಲ. ಖಾಸಗಿ ಕಂಪೆನಿಗಳು ಸಣ್ಣ ಸಣ್ಣ ರಾಕೆಟ್ ಕಟ್ಟುತ್ತಿವೆ, ಕೆಲವರು ಇಡೀ ಇಂಜಿನನ್ನೇ ತ್ರೀಡಿ ಪ್ರಿಂಟ್ ಮಾಡಿ ತೆಗೆಯುತ್ತಾರೆ. ಅಂಥವರಿಗೆ ವಾಲ್ವ್ ಮಾಡಿಕೊಡುವ ಮಣಿಪಾಲದ ಸಣ್ಣ ಘಟಕವೊಂದರಲ್ಲಿ ನನಗೆ ಗುಣಮಟ್ಟ ನೋಡುವ ಕೆಲಸ ಸಿಕ್ಕಿತು. ಆ ಹೊತ್ತಿಗೆ ಬೋಟಿನವರು ರೆಡಿಮೇಡ್ ಶಾಫ್ಟು ತರತೊಡಗಿದ್ದರು. ಮಾಮನ ಒಂದು ಲೇತಿನ ಮೇಲೆ ಟರ್ಪಾಲು ಬಿದ್ದಿತ್ತು. ನಾನೇ ಮ್ಯಾನೇಜರಿಗೆ ಹೇಳಿ ಅವರಿಗೊಂದು ಪರೀಕ್ಷಾರ್ಥ ಆರ್ಡರ್ ಕೊಡಿಸಿದೆ: ವಾಲ್ವಿನೊಳಗೆ ಕೂರುವ ಹನ್ನೆರಡು ಸ್ಟೀಲ್ ಪಿನ್. ಪಾಸಾದರೆ ವರ್ಷಗಟ್ಟಲೆ ಕೆಲಸ. “ಇದು ಆದರೆ ಅಂಗಡಿ ಉಳೀತದೆ. ಇಲ್ಲದಿದ್ದರೆ ಚೌತಿಗೆ ಬಾಗಿಲು ಹಾಕುವುದೇ” ಎಂದಿದ್ದರು.

ಪಿನ್ನುಗಳು ಬಂದವು. ಅಬ್ಬ, ಎಂಥ ಕೆಲಸ! ಹನ್ನೆರಡನ್ನೂ ಅಳೆದು ಸಹಿ ಹಾಕಿದೆ.

ಮೂರನೇ ದಿನ ಮಧ್ಯಾಹ್ನ ಮಾಮ ಬೆವರುತ್ತ ಬಂದು ಗೇಟಿನಲ್ಲಿ ನಿಂತಿದ್ದರು. ಕೈಚೀಲದಲ್ಲಿ ಒಂದು ಗೇಣು ಸರಳಿನ ತುಂಡು. ಯಾವ ಸರಳು ಯಾವ ಸ್ಟೀಲೆಂದು ಗೊತ್ತಾಗಲು ಒಂದು ತುದಿಗೆ ಬಣ್ಣ ಬಳಿದಿರುತ್ತಾರೆ. ಆ ತುದಿಯನ್ನು ಕೊನೆಗೆ ಕಡಿಯಬೇಕು, ಅದು ಲೇತಿನವರ ಕಟ್ಟುನಿಟ್ಟು. ಒಂದು ದಿನ ಅವಸರದಲ್ಲಿ ಪಂಪಿನ ಸರಳೊಂದನ್ನು ಬಣ್ಣದ ಕಡೆಯಿಂದಲೇ ಕಡಿದಿದ್ದರು. ಬಣ್ಣವಿಲ್ಲದೆ ಉಳಿದ ಆ ತುಂಡು ನಮ್ಮ ಪಿನ್ನಿನ ಸರಳಿನ ಜೊತೆ ಸೇರಿಹೋಗಿತ್ತು.

“ಆ ಹನ್ನೆರಡರಲ್ಲಿ ಒಂದೆರಡು ಪಂಪಿನ ಸ್ಟೀಲು ಇರಬಹುದು. ನೋಡಿ, ನಿಮ್ಮ ಸರಳು ಹನ್ನೆರಡು ಪಿನ್ ಕಡಿದ ಮೇಲೆ ಇರಬೇಕಾದ್ದಕ್ಕಿಂತ ಉದ್ದ ಉಳಿದಿದೆ.”

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಾನೆಂದೆ, “ಅಳತೆ ಸರಿ ಉಂಟು ಮಾಮ. ಪಾಸ್ ಆಗಿದೆ. ಬಿಡಿ.”

ಅವರು ಸಿಟ್ಟಾಗಲಿಲ್ಲ. ಗೇಟಿನ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು. “ಬೋಟ್ ಕೆಟ್ಟು ನಿಂತರೆ ಇನ್ನೊಂದು ಬೋಟ್ ಹಗ್ಗ ಕಟ್ಟಿ ಎಳೆದು ತರ್ತದೆ. ಇದು ಮೇಲೆ ಹೋಗಿ ಕೆಟ್ಟರೆ ಹಗ್ಗ ತೆಗೆದುಕೊಂಡು ಯಾರು ಹೋಗುವುದು? ನೀವು ಹೋಗ್ತೀರಾ?”

ಒಳಗೆ ಹೋಗಿ ಮ್ಯಾನೇಜರಿಗೆ ಹೇಳಿದೆ. ಒಳಗೆ ಕರೆಸಿದಾಗ ಮಾಮ ಕಿಸೆಯಿಂದ ಅಯಸ್ಕಾಂತ ತೆಗೆದರು. ನಮ್ಮ ಸ್ಟೀಲು ಅಯಸ್ಕಾಂತಕ್ಕೆ ಅಂಟದ ಜಾತಿಯದ್ದು, ಹತ್ತು ಪಿನ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಎರಡು ಟಕ್ಕೆಂದು ಅಂಟಿಕೊಂಡವು. ನಮ್ಮ ವಾಲ್ವಿನಲ್ಲಿ ಹರಿಯುವುದು ಮೈ ಕೊರೆಯುವ ದ್ರವ ಆಮ್ಲಜನಕ. ಆ ಚಳಿಗೆ ಪಂಪಿನ ಸ್ಟೀಲು ಗಾಜಿನ ಬಳೆಯ ಹಾಗೆ ಒಡೆಯುತ್ತದೆ. ಇಷ್ಟು ಓದಿದ ನನಗೆ ಒಂದು ಅಯಸ್ಕಾಂತ ಹಿಡಿದು ನೋಡಬೇಕೆಂದು ಹೊಳೆದಿರಲಿಲ್ಲ!

ನಿಯಮ ನಿಯಮವೇ. ಪರೀಕ್ಷೆಯಲ್ಲಿ ತಪ್ಪಿದ ಮಾಮನ ಹೆಸರು ಪೂರೈಕೆದಾರರ ಪಟ್ಟಿಯಿಂದ ಹೋಯಿತು. ನಾನು ಜಗಳವಾಡಿದೆ, ತಾನಾಗಿ ಬಂದು ಹೇಳಿದವನಿಗೆ ಇದೇ ಬಹುಮಾನವೇ ಎಂದು ಕೂಗಿಯೂ ಕೂಗಿದೆ. ಪ್ರಯೋಜನವಾಗಲಿಲ್ಲ. ಭಾನುವಾರ ಪಡುಬಿದ್ರಿಗೆ ಹೋಗಿ ತಲೆ ತಗ್ಗಿಸಿ ನಿಂತಾಗ ಅವರು ಕೇಳಿದ್ದು ಒಂದೇ: “ನಿಮಗೆ ಬೈದರಾ?”

“ಬೈದರು.”

“ತುಂಬವಾ?”

“ತುಂಬ.”

“ಹಾಗಾದರೆ ಬಂಗುಡೆ ಮೀನಿನ ಸಾರು ಉಂಟು, ಊಟ ಮಾಡಿಯೇ ಹೋಗಿ.”

ಚೌತಿಗೆ ಬಾಗಿಲು ಹಾಕಿದರು. ಒಂದು ಲೇತು ಗುಜರಿಗೆ ಹೋಯಿತು. ಇನ್ನೊಂದನ್ನು ಮಾರಲು ಮನಸ್ಸು ಬಾರದೆ ದಿನವೂ ಎಣ್ಣೆ ಹಾಕುತ್ತಿದ್ದರಂತೆ. ಕಳೆದ ಮಳೆಗಾಲದಲ್ಲಿ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ, ಮಾಮಿ, ನನ್ನ ಕೈ ಹಿಡಿದು ನೆಂಟರಿಗೆಲ್ಲ ತೋರಿಸಿದರು. “ಇವಳೇ ನೋಡಿ. ತಪ್ಪಾಗಿದೆ ಅಂತ ಇವರು ಹೇಳಿದ್ದೇ ತಡ, ಒಂದು ಮಾತು ಆಡದೆ ಸೀದಾ ಮ್ಯಾನೇಜರ್ ಹತ್ತಿರ ಹೋದಳಂತೆ. ಊರಿಡೀ ಹೇಳಿಕೊಂಡು ಬಂದಿದ್ದರು.”

ಅಷ್ಟು ಜನರ ಮುಂದೆ ನಿಜ ಹೇಳಲಾಗದೆ ಬಡಿಸಿದ್ದನ್ನು ಉಂಡು ಬಂದೆ. ಮರುವಾರ ಒಬ್ಬಳೇ ಹೋಗಿ, ಚಾ ಕುಡಿಯುವ ಮೊದಲೇ ಹೇಳಿಬಿಟ್ಟೆ: “ಮಾಮಿ, ಬಿಡಿ ಅಂದದ್ದು ನಾನು. ಮುಚ್ಚಿಹಾಕಲು ಹೊರಟವಳು ನಾನೇ.”

ಮಾಮಿ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕರು.

“ನಲವತ್ತು ವರ್ಷ ಸಂಸಾರ ಮಾಡಿದೆ ಮಗಾ. ಅವರು ಸುಳ್ಳು ಹೇಳಿದರೆ ಮುಖ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಇದೊಂದು ಮಾತ್ರ ನನಗೆ ಗೊತ್ತೇ ಆಗಲಿಲ್ಲ.”