ಅಪ್ಪ ಉಳಿಸಿಕೊಂಡ ಮೈನಸ್ ಎರಡೂವರೆ

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಚಿಕ್ಕ ವಯಸ್ಸಿಗೇ ಕನ್ನಡಕದಂಗಡಿ ಸೇರಿದವಳು, ತಲೆಯಲ್ಲಿ ಬೆಳ್ಳಿಕೂದಲು ಇಣುಕುವ ಹೊತ್ತಿಗೂ ಅದೇ ಕಿಟಕಿ ಪಕ್ಕದ ಮೇಜಿನಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಮೈನಸ್ ಎಂದರೆ ಹೆದರಿಕೆ. ಅದರ ಜೊತೆಗೆ ಭಿನ್ನರಾಶಿಯೂ ಸೇರಿಕೊಂಡರಂತೂ ಮುಗಿಯಿತು ಕಥೆ. ಮೈನಸ್ ಅರ್ಧ ದೊಡ್ಡದೋ ಮೈನಸ್ ಮುಕ್ಕಾಲು ದೊಡ್ಡದೋ ಎಂದು ಟೀಚರ್ ಕೇಳಿದರೆ ಪಕ್ಕದವಳ ಪುಸ್ತಕಕ್ಕೆ ಇಣುಕುತ್ತಿದ್ದಳು.

ಅಂಗಡಿಯಲ್ಲಿ ಆ ಹೆದರಿಕೆ ತಾನಾಗಿಯೇ ಬಿಟ್ಟುಹೋಯಿತು. ದೂರದ್ದು ಕಾಣದವರಿಗೆ ಮೈನಸ್ ಗಾಜು, ಹತ್ತಿರದ್ದು ಕಾಣದವರಿಗೆ ಪ್ಲಸ್. ಮೈನಸ್ ಒಂದೂಕಾಲಿನ ಮೇಲೆ ಪ್ಲಸ್ ಅರ್ಧ ಇಟ್ಟರೆ ಎರಡೂ ಸೇರಿ ಮೈನಸ್ ಮುಕ್ಕಾಲು. ಅದರ ಮೇಲೆ ಪ್ಲಸ್ ಮುಕ್ಕಾಲು ಇಟ್ಟರೆ ಬರೀ ಕಿಟಕಿಗಾಜು. ಮೈನಸ್ ಮುಕ್ಕಾಲು ಸೊನ್ನೆಯಿಂದ ಇನ್ನಷ್ಟು ಕೆಳಗಿದೆ, ಹಾಗಾಗಿ ಮೈನಸ್ ಅರ್ಧಕ್ಕಿಂತ ಚಿಕ್ಕದು. ಗಾಜಿನ ಅಂಚು ಮಾತ್ರ ದಪ್ಪ. ಒಂದು ದಿನ ಊಟದ ಡಬ್ಬಿ ಮುಚ್ಚುತ್ತ, "ಅಯ್ಯೋ, ಇಷ್ಟೇನಾ!" ಎಂದು ತನ್ನಷ್ಟಕ್ಕೆ ನಕ್ಕಿದ್ದಳು.

ಅವಳಪ್ಪ ಉಂಗುರ, ಪೆನ್ನು, ಗಡಿಯಾರಗಳ ಮೇಲೆ ಹೆಸರು ಕೆತ್ತುವವರು. ಎರಡೂ ಕಣ್ಣು ಮೈನಸ್ ಆರು. ಕೆಲಸಕ್ಕೆ ಕೂತರೆ ಕನ್ನಡಕ ಹಣೆಗೇರಿಸಿ, ಉಂಗುರವನ್ನು ಮೂಗಿನ ಹತ್ತಿರಕ್ಕೆ ಹಿಡಿದು ಕೆತ್ತುತ್ತಿದ್ದರು. ವಯಸ್ಸಾದಂತೆ ಕಣ್ಣಿಗೆ ಪೊರೆ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು.

"ಪೊರೆ ತೆಗೆದು ಕಣ್ಣೊಳಗೇ ಒಂದು ಲೆನ್ಸ್ ಇಡ್ತೀವಿ. ಬೇಕಂದ್ರೆ ಪವರ್ ಸೊನ್ನೆಗೆ ತರಬಹುದು. ದೂರದ್ದು ಬರಿಗಣ್ಣಿಗೇ ಕಾಣುತ್ತೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಇಲ್ಲಾ, ಸ್ವಲ್ಪ ಮೈನಸ್ ಉಳಿಸಬಹುದು. ಮನೇಲಿ ಮಾತಾಡ್ಕೊಂಡು ಬನ್ನಿ."

"ಸೊನ್ನೆನೇ ಮಾಡಿಸ್ಕೊಳ್ಳಿ, ಇನ್ನೇನು ಯೋಚನೆ?" ಅಂದರು ಅಮ್ಮ, ಮನೆಗೆ ಬಂದು ಊಟಕ್ಕೆ ಬಡಿಸುತ್ತ.

"ಅಂದ್ರೆ ಇಷ್ಟು ದಿನ ನಾನು ಸೊನ್ನೆಗಿಂತ ಕಡೆಯಾಗಿದ್ನಾ?"

"ಅದು ನಮ್ಮಪ್ಪನಿಗೆ ಮದುವೆಗೆ ಮುಂಚೆನೇ ಗೊತ್ತಾಗಬೇಕಿತ್ತು."

ಅಪ್ಪ ನಗಲಿಲ್ಲ. ಆಮೇಲೂ ತಟ್ಟೆಯ ಮುಂದೆ ಸುಮ್ಮನೆ ಕೂರುವುದು, ಕೇಳಿದ್ದಕ್ಕೆ ಹೂಂ ಅನ್ನುವುದು. ಮಗಳಿಗೆ ಇದು ಆಪರೇಷನ್ನಿನ ಭಯವಲ್ಲ ಅನ್ನಿಸಿತು. ರಜೆಯ ದಿನ ಅಂಗಡಿಯಿಂದ ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಹೊತ್ತು ತಂದಳು. ಗಾಜು ಬದಲಿಸುವ ಫ್ರೇಮನ್ನು ಅಪ್ಪನ ಮೂಗಿಗೇರಿಸಿ ಮೈನಸ್ ಆರು ಹಾಕಿದಳು.

"ಇದು ಸೊನ್ನೆ ಅಪ್ಪ. ನಿಮ್ಮ ಮೈನಸ್ ಆರರಿಂದ ಮೈನಸ್ ಆರನ್ನ ಕಳೆದ ಹಾಗೆ."

"ಇದು ನನ್ನ ದಿನದ ಕನ್ನಡಕ ಕಣೇ."

"ಹೌದು. ಆದ್ರೆ ಆಪರೇಷನ್ ಆದ್ಮೇಲೆ ಇದನ್ನ ತೆಗೆದಿಡೋಕಾಗಲ್ಲ, ಕಣ್ಣೊಳಗೇ ಇರುತ್ತೆ."

ಅಪ್ಪ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು; ಗೆರೆಗಳೆಲ್ಲ ಮಸುಕು. ಆಮೇಲೆ ಮೆಲ್ಲಗೆ ಹೇಳಿದರು: "ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಕನ್ನಡಕ ಹುಡುಕದೆ ನಂಗೆ ಕಾಣೋದು ನಿಮ್ಮಮ್ಮನ ಮುಖ ಒಂದೇ. ಪಕ್ಕಕ್ಕೆ ಸರಿದರೆ ಸಾಕು, ಕಾಣುತ್ತೆ. ಇನ್ಮೇಲೆ ಅದಕ್ಕೂ ಕನ್ನಡಕ ಹುಡುಕಬೇಕಾ?"

ಅಮ್ಮ ಏನೋ ಕೆಲಸವಿದ್ದವರಂತೆ ಅಡುಗೆಮನೆಗೆ ಎದ್ದುಹೋದರು.

ಮಗಳು ಹೊಲಿಗೆ ಡಬ್ಬಿಯಿಂದ ಟೇಪು ತೆಗೆದಳು. "ಇಬ್ರೂ ಬಂದು ಮಲ್ಕೊಳ್ಳಿ, ದಿನಾ ಹೇಗೆ ಮಲಗ್ತೀರೋ ಹಾಗೆ."

"ಥೂ, ಮಗಳೆದುರಿಗೆ!" ಎನ್ನುತ್ತಲೇ ಅಮ್ಮ ಬಂದು ಮಲಗಿದರು. ದಿಂಬಿನಿಂದ ದಿಂಬಿಗೆ, ಕಣ್ಣಿನಿಂದ ಕಣ್ಣಿಗೆ ಅಳೆದರೆ ನಲವತ್ತು ಸೆಂಟಿಮೀಟರ್. ಮೀಟರಿನ ಐದರಲ್ಲಿ ಎರಡು ಪಾಲು. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣಬೇಕಾದ ದೂರವನ್ನು ಮೀಟರಿನಲ್ಲಿ ಬರೆದು ತಲೆಕೆಳಗು ಮಾಡಿದರೆ ಕಣ್ಣಲ್ಲಿರಬೇಕಾದ ಪವರ್ ಸಿಗುತ್ತದೆ: ಎರಡರಲ್ಲಿ ಐದು, ಅಂದರೆ ಎರಡೂವರೆ. ಅಪ್ಪನಿಗೆ ಬೇಕಾದದ್ದು ಮೈನಸ್ ಎರಡೂವರೆ!

ಖುಷಿಯಲ್ಲಿ ಫ್ರೇಮಿಗೆ ಮೈನಸ್ ಎರಡೂವರೆಯ ಗಾಜನ್ನೇ ತೂರಿಸಿದಳು.

"ಇನ್ನೂ ಮಸುಕು," ಅಂದರು ಅಪ್ಪ. "ಹತ್ತಿರ ಬಾರೇ." ಅಮ್ಮ ಸರಿದರು. "ಇನ್ನೂ ಸ್ವಲ್ಪ."

ಅವಳು ಹಣೆ ಚಚ್ಚಿಕೊಂಡಳು. ಎರಡೂವರೆ ಕಣ್ಣಲ್ಲಿ ಉಳಿಯಬೇಕಾದದ್ದು, ಕಳೆಯಬೇಕಾದದ್ದಲ್ಲ. ಮೈನಸ್ ಆರರಿಂದ ಮೈನಸ್ ಎರಡೂವರೆ ಕಳೆದರೆ ಮೈನಸ್ ಮೂರೂವರೆ ಉಳಿಯುತ್ತದೆ. ಅದಕ್ಕೇ ಅಮ್ಮ ಅಷ್ಟು ಹತ್ತಿರ ಸರಿಯಬೇಕಾಯಿತು. ಗಾಜು ಬದಲಿಸಿ ಮೈನಸ್ ಮೂರೂವರೆ ಹಾಕಿದಳು; ಈಗ ಕಣ್ಣಲ್ಲಿ ಉಳಿದದ್ದು ಮೈನಸ್ ಎರಡೂವರೆ. ಅಮ್ಮ ತಮ್ಮ ದಿಂಬಿಗೆ ಮರಳಿದರು.

ಪೊರೆಯ ಮಂಜು ಇದ್ದೇ ಇತ್ತು. ಆದರೂ ಅಪ್ಪ ಅಮ್ಮನ ಮುಖವನ್ನು ಹುಡುಕಿ ನೋಡಿದರು. "ಹಾಂ," ಅಂದರು ಕೊನೆಗೆ. "ಇಲ್ಲಿದ್ದಾಳೆ."

ಡಾಕ್ಟರಮ್ಮ ಕೇಳಿ ನಕ್ಕು, "ಕಾರಣ ಚೆನ್ನಾಗಿದೆ," ಎಂದು ಮೈನಸ್ ಎರಡೂವರೆ ಉಳಿಸಲು ಒಪ್ಪಿದರು. ಎರಡೂ ಕಣ್ಣಿನ ಆಪರೇಷನ್ ಒಂದರ ಹಿಂದೊಂದು ಮುಗಿಯಿತು. ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕೋಣೆಯಿಂದ ಅಪ್ಪನ ಗಾಬರಿಯ ದನಿ ಕೇಳಿಸಿತು.

"ಏನೇ ಇದು, ಇಷ್ಟೊಂದು ಸುಕ್ಕು ಯಾವಾಗ ಬಂತೇ ನಿನ್ನ ಮುಖಕ್ಕೆ?"

"ನೀವು ನೋಡದೇ ಇದ್ದಾಗ," ಅಂದರು ಅಮ್ಮ.

ಬಾಗಿಲಾಚೆ ಕಾಫಿ ಲೋಟ ಹಿಡಿದು ನಿಂತಿದ್ದ ಮಗಳು ಒಳಗೆ ಹೋಗದೆ ಹಿಂದಿರುಗಿದಳು. ಕಾಫಿ ಆರಿದರೆ ಮತ್ತೆ ಬಿಸಿ ಮಾಡಿದರಾಯಿತು.

ದೂರದ ನೋಟಕ್ಕೆಂದು ಅವಳೇ ಅಪ್ಪನಿಗೆ ಹಗುರಾದ ಹೊಸ ಕನ್ನಡಕ ಮಾಡಿಕೊಟ್ಟಳು. ಅವರು ಅದನ್ನು ಮನೆಯಲ್ಲೇ ಮರೆತು ಹೊರಟು, ಬೀದಿಯಲ್ಲಿ ಕಂಡ ಕಂಡ ಅಪರಿಚಿತರಿಗೆಲ್ಲ ಕೈ ಬೀಸಿ ಬರುತ್ತಾರೆ ಎಂಬುದು ಈಗ ಅಮ್ಮನ ದಿನದ ದೂರು.