ಹನೂರಿಗೆ ಹೊರಟ ಬಳ್ಳಿಯ ಪೆಟ್ಟಿಗೆ

ಯಳಂದೂರಿನಲ್ಲಿ ಬಸ್ಸು ಹತ್ತುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಯುದ್ಧದ ಕಾಲ, ಇದ್ದಿಲು ಉರಿಸಿ ಓಡುವ ಬಸ್ಸು. ನನ್ನ ಕೈಯಲ್ಲಿ ಮಗಳು ಮಾದೇವಿಗೆಂದು ನಾನೇ ಮಾಡಿದ ಬೀಟೆಯ ಪೆಟ್ಟಿಗೆ. ಮುಚ್ಚಳದಲ್ಲಿ ಗಾಡಿ ಎಂಬ ಸಣ್ಣ ತೋಡು ಕೊರೆದು ಹಲಸಿನ ಮರದ ಹಳದಿ ಚೂರು ಕೂರಿಸಿದ ಎಲೆಬಳ್ಳಿ. ಮದುವೆಯಲ್ಲಿ ಕೊಡಲು ಒಪ್ಪಿಕೊಂಡದ್ದು, ತಡವಾಗಿತ್ತು. ಪೆಟ್ಟಿಗೆ ಬಂದ ಮೇಲೆಯೇ ಬಸುರಿ ಮಾದೇವಿಯನ್ನು ತೌರಿಗೆ ಕಳಿಸುವುದೆಂದು ಹನೂರಿನ ಬೀಗಿತ್ತಿ ಹೇಳಿಕಳಿಸಿದ್ದರು.

"ಪೆಟ್ಗೆ ಮೇಲಾಕಿ ಸಾ, ಜನಕ್ಕೇ ಜಾಗ ಇಲ್ಲ" ಎಂದ ಕಂಡಕ್ಟರ್. ಜಗಳವಾಡಿದೆ. "ಅಂಗಾದ್ರೆ ಇಳೀರಿ" ಎಂದ. ಏನು ಮಾಡಲಿ, ಕೊಟ್ಟೆ. ಅಗರ, ಮಾಂಬಳ್ಳಿ ದಾಟುವವರೆಗೂ ನನ್ನ ಜೀವ ಬಸ್ಸಿನ ನೆತ್ತಿಯ ಮೇಲೇ ಇತ್ತು.

ಮದರಾಸು ಸೀಮೆಯ ಕೊಳ್ಳೇಗಾಲದಲ್ಲಿ ಇಳಿದು ನೋಡಿದರೆ ಬಳ್ಳಿಯಲ್ಲಿ ಒಂದು ಎಲೆ ಕಾಣೆ! ಬಿಸಿಲಿಗೆ ಅಂಟು ಬಿಟ್ಟು, ಹಗ್ಗ ಉಜ್ಜಿ, ಗಾಡಿಯ ಅಂಚೂ ಎದ್ದಿತ್ತು. "ಹಾಳಾಗಿ ಹೋಗ್ಲಿ ನಿನ್ನ ಬಸ್ಸು!" ಎಂದೆ. "ನಾನೇನ್ ಕಿತ್ತಾಕಿದ್ನಾ ಸಾ?" ಎಂದು ಅವನು ಬೀಡಿ ಹಚ್ಚಿದ.

ರೇಷ್ಮೆ ಮಗ್ಗ ಮಾಡುವ ಬಡಗಿಯೊಬ್ಬನ ಚಪ್ಪರ ಹತ್ತಿರದಲ್ಲೇ ಇತ್ತು. ಅವನು ಮುಚ್ಚಳ ತಿರುಗಿಸಿ ನೋಡಿದ. "ಅಂಚೇ ಕಿತ್ತೋಗದೆ ಕಣಣ್ಣ, ಇಲ್ಲಿ ಎಲೆ ಕೂರಾಕಿಲ್ಲ." ಎಲೆಗಿಂತ ಅಗಲವಾದದ್ದೇ ಆಗಬೇಕು. ಅವನಲ್ಲೇ ಉಳಿ, ಹಲಸಿನ ಚೂರು ಕೇಳಿ ಪಡೆದು ಮೊಗ್ಗು ಮಾಡಿದೆ. ಹಲಸಿನ ಚೂರನ್ನು ಮೊದಲು ಕೆತ್ತಿ, ಮುಚ್ಚಳದ ಮೇಲಿಟ್ಟು ಸುತ್ತ ಚೂರಿಯ ಮೊನೆಯಿಂದ ಗೆರೆ ಎಳೆದೆ. ಮೊದಲ ಗೆರೆ ಹಗುರ. ಒತ್ತಿದರೆ ಬೀಟೆಯ ನಾರು ಚೂರಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಅದೇ ಗೆರೆಯಲ್ಲಿ ಮತ್ತೆ ಮತ್ತೆ ಆಳಕ್ಕಿಳಿದು, ನಡುವಿನದನ್ನು ಸಣ್ಣ ಉಳಿಯಿಂದ ತೆಗೆದು, ತಳ ಸಮ ಮಾಡಿದೆ. ಮೊಗ್ಗು ಬಿಗಿಯಾಗಿ ಕೂತಿತು. ಅಂಟು ಆರಲೆಂದು ಆ ದಿನ ಅಲ್ಲೇ ಉಳಿದೆ. ಅವರ ಮನೆಯ ಮುದ್ದೆ, ಹುರುಳಿಸಾರು ಚೆನ್ನಾಗಿತ್ತು.

ಮರುದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹನೂರು ಸೇರಿದೆ. ಅವರದೂ ಬಡಗಿಗಳ ಮನೆ. ಬೀಗಿತ್ತಿ ಕಣ್ಣಿಗಿಂತ ಉಗುರನ್ನು ನಂಬುವವರು. ಬಳ್ಳಿಯುದ್ದಕ್ಕೂ ಉಗುರು ಎಳೆದರು. ಎಲ್ಲಿಯೂ ತಡೆಯಲಿಲ್ಲ. ಮೊಗ್ಗಿನ ಬಳಿ ತಾವೇ ನಿಲ್ಲಿಸಿದರು.

"ಎಲ್ಲಾ ಕಡೆ ಎಲೆ ಅವೆ. ಇಲ್ಲೊಂದ್ಕಡೆ ಮೊಗ್ಗು ಯಾಕೆ ಬೀಗ್ರೇ?"

ನಾನು ಬಾಗಿಲಲ್ಲಿ ನಿಂತಿದ್ದ ಮಾದೇವಿಯತ್ತ ನೋಡಿದೆ. ಅಷ್ಟರಲ್ಲಿ ಬೀಗಿತ್ತಿಯ ಮುಖ ಅರಳಿತು. "ಓ! ನಮ್ ಸೊಸೆ ಬಸುರಿ ಅಂತ ಮಡಗಿದ್ದೀರಾ?"

"ಹೂಂ" ಎಂದೆ.

"ಕರ್ಕೊಂಡೋಗಿ. ಉಸಾರು" ಎಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಹೋದರು. ನನ್ನ ಕಣ್ಣು ತುಂಬಿತು.

ಕೊಳ್ಳೇಗಾಲದಿಂದ ಯಳಂದೂರಿಗೆ ಅದೇ ಇದ್ದಿಲು ಬಸ್ಸು ಸಿಕ್ಕಿತು. ಮಾದೇವಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: "ನಿಜವಾಗ್ಲೂ ಅದಕ್ಕೇ ಮೊಗ್ಗು ಇಟ್ಯೇನಪ್ಪಾ?"

ಚೀಟಿ ಹರಿಯುತ್ತಿದ್ದ ಅದೇ ಕಂಡಕ್ಟರನನ್ನು ತೋರಿಸಿ, "ಅವನ್ನ ಕೇಳು" ಎಂದೆ.