ಅಳಿಸಿಹಾಕಿದ ಮಟಾಟು ಗೇಮ್

ಅಳಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮ ಅಪ್ಪರ್ ಹಿಲ್ ಆಫೀಸಿನಲ್ಲಿ ಇರಲಿಲ್ಲ. ಅರ್ಧಕ್ಕೇ ಕೈಬಿಟ್ಟ ನಮ್ಮ ಮಟಾಟು ಮಿನಿಬಸ್ಸುಗಳ ರೇಸಿನ ವಿಡಿಯೊ ಗೇಮನ್ನು ಸರ್ವರ್, ಬ್ಯಾಕಪ್, ಪೆನ್ ಡ್ರೈವ್ ಎಲ್ಲ ಕಡೆಯಿಂದಲೂ ಗುಡಿಸಿ ಹಾಕಿದ್ದೆ. ಅದಕ್ಕೆ ಮ್ಯಾನೇಜರ್ ಕೈಯಿಂದ ಪ್ರಶಂಸಾಪತ್ರವೂ ಸಿಕ್ಕಿತ್ತು.

ಎರಡು ವರ್ಷದ ಮೇಲೆ ಅದೇ ಮ್ಯಾನೇಜರ್, "ಆ ಮಟಾಟು ಗೇಮ್ ಮತ್ತೆ ಶುರು ಮಾಡೋಣ. ಹಳೇದು ತೆಗೀರಿ, ಬಂಡವಾಳ ಹಾಕೋರಿಗೆ ತೋರಿಸಬೇಕು" ಅಂದರು.

ಪ್ರಪಂಚದಲ್ಲಿ ಉಳಿದಿದ್ದರೆ ಒಂದೇ ಪ್ರತಿ. ಅದು ಸೋರಿಕೆಯಾಗಿ, ಪಕ್ಕದ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಮಾವು ಎಂಬವನ ಕೈ ಸೇರಿತ್ತು. ರದ್ದಾದ ಗೇಮುಗಳನ್ನು ಕೂಡಿಡುವ ಹುಚ್ಚು ಅವನಿಗೆ. 'ಕೂಡಲೇ ಅಳಿಸದಿದ್ದರೆ ಕೇಸು' ಅಂತ ಅವನಿಗೆ ಪತ್ರ ಕಳಿಸಿದ್ದ ಮಹಾನುಭಾವನೂ ನಾನೇ.

ಅಂಗಡಿಗೆ ಹೋದೆ. ಗೋಡೆಯ ಮೇಲೆ ನನ್ನ ಪತ್ರ ಫ್ರೇಮ್ ಹಾಕಿಸಿಕೊಂಡು ಮೆರೆಯುತ್ತಿತ್ತು.

"ನೀವು ಹೇಳಿದ ಮೇಲೆ ಅಳಿಸದೆ ಇರ್ತೀನಾ ಬಾಸ್?" ಅಂದ ಕಮಾವು.

ಕೌಂಟರ್ ಮೇಲೆ ಬಾಗಿ ಕೇಳಿದೆ: "ನಿಜವಾಗ್ಲೂ ಅಳಿಸಿಬಿಟ್ರಾ?"

"ಯಾಕೆ, ಬೇಜಾರಾಯ್ತಾ?" ಅಂತ ನಕ್ಕು, ಬೀರುವಿನಿಂದ ಹಾರ್ಡ್ ಡಿಸ್ಕ್ ತೆಗೆದ. ಅದರ ಮೇಲೆ ಗೇಮಿನ ಹೆಸರು, ಮಾಡಿದವರ ಹೆಸರು ಎಲ್ಲ ನೀಟಾಗಿ ಬರೆದು ಅಂಟಿಸಿದ್ದ. "ಕಾಪಿ ಮಾಡ್ಕೊಳ್ಳಿ. ಈ ಸಲನಾದ್ರೂ ಜೋಪಾನ."

"ಅಸಾಂಟೆ" ಅಂತ ಥ್ಯಾಂಕ್ಸ್ ಹೇಳಿದೆ, ಗೋಡೆಯ ಕಡೆ ನೋಡದೆ.

ಪ್ರದರ್ಶನ ಭರ್ಜರಿಯಾಗಿ ಮುಗಿಯಿತು. ಮರುದಿನವೇ ಲೀಗಲ್ ವಿಭಾಗದಿಂದ ನನಗೆ ಮೇಲ್: ಸೋರಿಕೆಯಾದ ಪ್ರತಿ ಆಫೀಸಿನಲ್ಲಿ ಇರುವಂತಿಲ್ಲ, ಅಳಿಸಿ ದೃಢೀಕರಿಸಿ. ಅಳಿಸಿದೆ, ನಮಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಆದರೆ ಈ ಸಲ ಬಟನ್ ಒತ್ತುವ ಮೊದಲು ಕಮಾವುಗೆ ಫೋನ್ ಮಾಡಿ, ನನ್ನ ಪತ್ರಕ್ಕೆ ಅವನು ಇನ್ನೂ ಕವಡೆಯಷ್ಟೂ ಬೆಲೆ ಕೊಟ್ಟಿಲ್ಲ ತಾನೆ ಅಂತ ಖಾತ್ರಿ ಮಾಡಿಕೊಂಡೆ.